ಡಬ್ಬಿಯಲ್ಲಿಟ್ಟ ಹಾವು

2023ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದಿಳಿದ ಸಾಮಾನಿನೊಳಗೆ ಸುಂಕದ ಅಧಿಕಾರಿಗಳಿಗೆ 78 ಪ್ರಾಣಿಗಳು ದೊರೆತವು. ಅವುಗಳಲ್ಲಿ 55 ಆಫ್ರಿಕಾ ಮೂಲದ ಬಾಲ್ ಹೆಬ್ಬಾವುಗಳು, 6 ಸತ್ತುಹೋಗಿದ್ದ ಕಪುಚಿನ್ ಕೋತಿಗಳು. ಉಳಿದ 17 ಕಾಳಿಂಗ ಸರ್ಪಗಳು. ಆಗುಂಬೆಯ ಕಡೆಯ ರೈತನೊಬ್ಬ ತನ್ನ ತೋಟದ ಅಂಚಿನಲ್ಲಿ ಹಾದುಹೋಗುವ ಕಾಳಿಂಗನನ್ನು ಕಂಡರೆ ಕೈಮುಗಿದು ಹಿಂದೆ ಸರಿದು ನಿಲ್ಲುತ್ತಾನೆ. ಅದೇ ಪ್ರಾಣಿ ಇನ್ನಾವುದೋ ನಾಡಿನಲ್ಲಿ ಮರಿಯಾಗಿರುವಾಗಲೇ ಪೆಟ್ಟಿಗೆ ಸೇರಿ ವಿಮಾನ ಹತ್ತುತ್ತದೆ. ಹೀಗೆ ಬರುವ ಪ್ರಾಣಿಗಳಿಗಾಗಿ ಕಾದಿರುವುದು ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಉರಗಗಳನ್ನು ಸಾಕುವ ಹವ್ಯಾಸದ ಮಾರುಕಟ್ಟೆ.

ಇದು ರಾಜಧಾನಿಯ ರೋಗ, ತಾಳಗುಪ್ಪದವರಿಗೆ ಇದರ ಗೊಡವೆಯೇಕೆ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ನಮ್ಮ ಸುತ್ತಲಿನ ಊರುಗಳನ್ನೇ ಒಮ್ಮೆ ನೆನೆಯೋಣ. 2022ರ ಮಾರ್ಚ್‌ನಲ್ಲಿ ಶಿರಸಿಯ ಯುವಕನೊಬ್ಬ ಮೂರು ನಾಗರಹಾವುಗಳನ್ನು ಎದುರಿಗೆ ಹೆಡೆಯೆತ್ತಿಸಿ ನಿಲ್ಲಿಸಿಕೊಂಡು, ಕೈಬೀಸಿ ಆಡಿಸುತ್ತಿದ್ದಾಗ ಒಂದು ಹಾವು ಅವನ ಮೊಣಕಾಲನ್ನು ಕಚ್ಚಿ ಹಿಡಿಯಿತು. ಅದೇ ವರ್ಷ ಭದ್ರಾವತಿಯಲ್ಲಿ, ಹಿಡಿದ ನಾಗರಹಾವಿನ ಹೆಡೆಗೆ ಮುತ್ತಿಡಲು ಹೋದವರೊಬ್ಬರ ತುಟಿಗೇ ಅದು ಬಾಯಿ ಹಾಕಿತು. ಎರಡೂ ಘಟನೆಗಳು ಮೊಬೈಲ್ ಚಿತ್ರಗಳಾಗಿ ದೇಶವೆಲ್ಲ ಸುತ್ತಿದವು. ಇಬ್ಬರೂ ಬದುಕಿಕೊಂಡದ್ದು ಸಂತೋಷದ ಸಂಗತಿ. 2023ರ ಮೇ ತಿಂಗಳಲ್ಲಿ ಚಿಕ್ಕಮಗಳೂರಿನಲ್ಲಿ ಆ ಅದೃಷ್ಟ ಒದಗಲಿಲ್ಲ. ಬಹುಕಾಲದಿಂದ ಹಾವು ಹಿಡಿಯುವುದರಲ್ಲಿ ಹೆಸರಾಗಿದ್ದವರೊಬ್ಬರು, ತಾವೇ ಹಿಡಿದು ಇರಿಸಿಕೊಂಡಿದ್ದ ನಾಗರಹಾವಿನಿಂದ ಕಚ್ಚಿಸಿಕೊಂಡು ತೀರಿಕೊಂಡರು. ಅವರ ಬಳಿ ಇನ್ನೂ ಹಲವು ಹಾವುಗಳಿದ್ದುದು ಆಮೇಲೆ ವರದಿಯಾಯಿತು.

ನಮ್ಮಲ್ಲಿ ಹಾವು ಸಾಕುವವರು ಯಾರಿದ್ದಾರೆ ಎಂದು ಕೇಳುವವರಿಗೆ ಇದೇ ಉತ್ತರ. ಮಲೆನಾಡಿನಲ್ಲಿ ಈ ಹವ್ಯಾಸ ಗಾಜಿನ ತೊಟ್ಟಿಯ ರೂಪದಲ್ಲಿ ಬರುವುದಿಲ್ಲ. ಪ್ಲಾಸ್ಟಿಕ್ ಡಬ್ಬಿ, ಗೋಣಿಚೀಲ, ತೂತು ಕೊರೆದ ಕೊಡಪಾನ, ಇವುಗಳ ರೂಪದಲ್ಲಿ ಬರುತ್ತದೆ. ಯಾರದೋ ಬಚ್ಚಲುಮನೆಯಲ್ಲಿ ಹಿಡಿದ ಹಾವು ಆ ದಿನವೇ ಕಾಡು ಸೇರುವುದಿಲ್ಲ. ನಾಳೆ ಶಾಲೆಯಲ್ಲಿ ಜಾಗೃತಿ ಕಾರ್ಯಕ್ರಮವಿದೆ, ನಾಡಿದ್ದು ಗೆಳೆಯರು ಚಿತ್ರ ತೆಗೆಯಲು ಬರುತ್ತಾರೆ ಎನ್ನುತ್ತ ವಾರಗಟ್ಟಲೆ ಮನೆಯ ಜಗುಲಿಯಲ್ಲೇ ಉಳಿಯುತ್ತದೆ. ಅದನ್ನು ಸಾಕುವುದು ಎನ್ನದೆ ಬೇರೇನೆನ್ನಬೇಕು? ಡಬ್ಬಿಯ ಮುಚ್ಚಳ ತೆಗೆದ ಪ್ರತಿ ಸಲವೂ ಮೊದಲ ಸಲ ಹಿಡಿದಷ್ಟೇ ಅಪಾಯವಿದೆ. ಅಷ್ಟರಲ್ಲಿ ಹಿಡಿದವನ ಎಚ್ಚರಿಕೆ ಮಾತ್ರ ಸವೆದಿರುತ್ತದೆ.

‘ಇದು ನನಗೆ ಒಗ್ಗಿಹೋಗಿದೆ, ಏನೂ ಮಾಡುವುದಿಲ್ಲ’ ಎಂಬ ಮಾತು ಹಾವಾಡಿಸುವವರ ಬಾಯಲ್ಲಿ ಸದಾ ಇರುತ್ತದೆ. ನಾಯಿ, ದನ, ಬೆಕ್ಕುಗಳು ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿ ಪಳಗಿದವು. ಹಾವಿಗೆ ಅಂಥ ಚರಿತ್ರೆಯಿಲ್ಲ. ಹಲವು ದಿನ ಕೈಯಲ್ಲಿ ಹಿಡಿದ ಹಾವು ಕೆಲಮಟ್ಟಿಗೆ ಸುಮ್ಮನಿರಲು ಅಭ್ಯಾಸವಾಗಬಹುದು. ಆದರೆ ಅದು ದಣಿವೋ ಭಯವೋ ಅಭ್ಯಾಸವೋ ಎಂಬುದನ್ನು ಹೊರಗಿನಿಂದ ಹೇಳಲಾಗದು. ಇಲಿಯ ವಾಸನೆ ಹತ್ತಿದ ಕೈಯನ್ನು ಆಹಾರವೆಂದೇ ತಿಳಿದು ಎರಗುವುದು ಅದಕ್ಕೆ ಸಹಜ. ಪೊರೆ ಬಿಡುವ ಮುನ್ನ ಅದರ ಕಣ್ಣು ಮಂಜಾಗಿ, ಹತ್ತಿರ ಸುಳಿದದ್ದಕ್ಕೆಲ್ಲ ಸಿಡಿಯುವುದೂ ಸಹಜ. ವಿಷದ ಹಲ್ಲು ಕಿತ್ತರಾಯಿತೆಂಬ ಹಳೆಯ ಉಪಾಯವೂ ಟೊಳ್ಳು. ಕಿತ್ತ ಜಾಗದಲ್ಲಿ ಹೊಸ ಹಲ್ಲು ಬರುತ್ತದೆ. ಇಲ್ಲವೇ ಬಾಯಿ ಕೊಳೆತು ಹಾವು ಸಾಯುತ್ತದೆ. ಆ ಕ್ರೌರ್ಯವನ್ನು ಪ್ರಾಣಿಪ್ರೀತಿಯೆಂದು ಕರೆಯುವವರಿಗೆ ಏನು ಹೇಳುವುದೋ ತಿಳಿಯದು.

ಅನುಭವವೇ ರಕ್ಷೆ ಎಂಬ ನಂಬಿಕೆಯೂ ಅಷ್ಟೇ ಟೊಳ್ಳು. ಅಮೆರಿಕದ ಉರಗತಜ್ಞ ಜೋ ಸ್ಲೋವಿನ್‌ಸ್ಕಿ 2001ರ ಸೆಪ್ಟೆಂಬರ್‌ನಲ್ಲಿ ಉತ್ತರ ಮ್ಯಾನ್ಮಾರಿನ ಕಾಡಿನಲ್ಲಿ ಸತ್ತದ್ದು ಹೀಗೆ. ವಿಷವಿಲ್ಲದ ಹಾವೆಂದು ತಿಳಿದು ಚೀಲಕ್ಕೆ ಕೈ ಹಾಕಿದರು. ಒಳಗಿದ್ದುದು ಕಟ್ಟುಹಾವಿನ ಮರಿ. ಉಸಿರಾಟದ ಸ್ನಾಯುಗಳು ನಿಂತಮೇಲೆ ಸಂಗಡಿಗರು ಸರದಿಯಂತೆ ಬಾಯಿಗೆ ಬಾಯಿಟ್ಟು ಗಂಟೆಗಟ್ಟಲೆ ಉಸಿರೂದಿದರು. ನೆರವು ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಕಟ್ಟುಹಾವನ್ನೂ ಅದನ್ನೇ ಹೋಲುವ, ವಿಷವಿಲ್ಲದ ತೋಳಹಾವನ್ನೂ ಒಂದೇ ಎಂದು ಭಾವಿಸುವ ತಪ್ಪು ನಮ್ಮ ಊರುಗಳಲ್ಲೂ ಆಗುವಂಥದ್ದೇ. ಹಾವುಗಳನ್ನೇ ಜೀವನವಾಗಿಸಿಕೊಂಡಿದ್ದ ವಿಜ್ಞಾನಿಗೇ ಒಂದು ಗಳಿಗೆ ಕಣ್ಣು ತಪ್ಪಿದರೆ, ಯೂಟ್ಯೂಬ್ ನೋಡಿ ಕಲಿತ ಹುಡುಗನ ಪಾಡೇನು?

ಇಷ್ಟಾಗಿಯೂ ‘ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆಯಲ್ಲ’ ಎಂಬ ಧೈರ್ಯವೊಂದು ಉಳಿದಿರುತ್ತದೆ. ಆ ಇಂಜೆಕ್ಷನ್ ಏನೆಂಬುದನ್ನು ಮಲೆನಾಡಿನವರು, ವಿಶೇಷವಾಗಿ ವಿದ್ಯಾರ್ಥಿಗಳು, ಸರಿಯಾಗಿ ತಿಳಿಯಬೇಕು. ಭಾರತದಲ್ಲಿ ಬಳಕೆಯಲ್ಲಿರುವ ಪ್ರತಿವಿಷ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ ಸಿದ್ಧವಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಈ ನಾಲ್ಕರ ವಿಷವನ್ನು ಅಲ್ಪಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ರೋಧವಸ್ತುವನ್ನು ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ. ವಿಷದ ಬಹುಪಾಲು ಬರುವುದು ತಮಿಳುನಾಡಿನಿಂದ, 1978ರಲ್ಲಿ ಹುಟ್ಟಿದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ. ತಮಿಳುನಾಡಿನ ವಿಷದಿಂದ ಮಾಡಿದ ಮದ್ದು ದೇಶದ ಇತರ ಭಾಗಗಳಲ್ಲಿ ಒಂದೇ ಸಮನಾಗಿ ಕೆಲಸ ಮಾಡುವುದಿಲ್ಲವೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಮತ್ತು ಸಂಗಡಿಗರು ತೋರಿಸಿಕೊಟ್ಟಿದ್ದಾರೆ.

ಇನ್ನು ನಮ್ಮ ಕಾಡಿನ ಲೆಕ್ಕ ಹಾಕೋಣ. ನಾಲ್ಕರಲ್ಲಿ ಗರಗಸ ಮಂಡಲ ಮುಖ್ಯವಾಗಿ ಒಣನಾಡಿನದು. ನಮ್ಮಲ್ಲಿ ಹೇರಳವಾಗಿರುವುದು ಮೂತಿ ಮೇಲಕ್ಕೆ ಚೂಪಾಗಿರುವ, ಮೊಳದುದ್ದಕ್ಕಿಂತ ಹೆಚ್ಚು ಬೆಳೆಯದ, ದರಕಿನ ಬಣ್ಣದ ಗೂನುಮೂಗಿನ ಗುಳಿಮಂಡಲ. ತೋಟದ ಬುಡದಲ್ಲಿ, ಸೊಪ್ಪಿನ ಬೆಟ್ಟದಲ್ಲಿ ದರಕು ಬಾಚುವ ಕೈಗೆ ಅದು ಕಾಣುವುದೇ ಇಲ್ಲ. ಮಳೆಗಾಲದಲ್ಲಿ ಪೊದೆಯ ಕೊಂಬೆಗೆ ಸುತ್ತಿಕೊಂಡು ಕೂರುವ, ಹಸಿರು, ಹಳದಿ, ಕಂದು ಎಂದು ಹಲವು ಬಣ್ಣಗಳಲ್ಲಿ ಬರುವ ಮಲಬಾರ್ ಗುಳಿಮಂಡಲ ಇನ್ನೊಂದು. ಇವೆರಡಕ್ಕೂ ಭಾರತದ ಪ್ರತಿವಿಷ ನಾಟುವುದಿಲ್ಲ. ಗೂನುಮೂಗಿನ ಮಂಡಲದ ಕಡಿತ ಬಹಳ ಸಲ ಊತ, ನೋವುಗಳಲ್ಲೇ ಮುಗಿದರೂ ಕೆಲವರಲ್ಲಿ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಅಂಥವರಿಗೆ ಡಯಾಲಿಸಿಸ್ ಬೇಕಾಗುತ್ತದೆ. ಅದು ಸಣ್ಣದಿದೆ, ಚೆಂದವಿದೆ ಎಂದು ಕಡ್ಡಿಯಿಂದೆತ್ತಿ ಬೇರೊಂದು ಕೊಂಬೆಗೆ ಸರಿಸಿ ಚಿತ್ರ ತೆಗೆಯುವ ಛಾಯಾಗ್ರಾಹಕ ಮಹಾಶಯರು ಪ್ರತಿ ಮಳೆಗಾಲದಲ್ಲೂ ಘಟ್ಟಕ್ಕೆ ಬರುತ್ತಾರೆ. ಊರಿನ ಹುಡುಗರು ಅವರಿಗೆ ಹಾವು ತೋರಿಸಲು ಹೋಗುತ್ತಾರೆ. ಕ್ಯಾಮೆರಾ ಅವರದು, ಬೆರಳು ನಮ್ಮ ಹುಡುಗರದು.

ಕಾಳಿಂಗನ ವಿಷಯ ಇನ್ನೂ ಕಠಿಣ. ಅದಕ್ಕೆ ಭಾರತದಲ್ಲಿ ತಯಾರಾಗುವ ಪ್ರತಿವಿಷವಿಲ್ಲ. ಥಾಯ್ಲೆಂಡಿನಲ್ಲಿ ಅಲ್ಲಿನ ಹಾವಿನ ವಿಷದಿಂದ ಮಾಡಿದ ಮದ್ದೊಂದಿದೆ. ಸಂಶೋಧಕ ಪಿ. ಗೌರಿಶಂಕರ್ ಅವರಿಗೆ 2005ರಲ್ಲಿ ಕಾಳಿಂಗ ಕಚ್ಚಿದಾಗ ಆ ಮದ್ದೂ ಹೊಂದಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಬದುಕಿಬಂದ ಅವರು ಅದೇ ಪ್ರಶ್ನೆಯನ್ನು ಹಿಡಿದು ಹೊರಟರು. ಸುಮಾರು ಎರಡು ಶತಮಾನಗಳಿಂದ ಒಂದೇ ಜಾತಿಯೆಂದು ಎಣಿಸಲಾಗಿದ್ದ ಕಾಳಿಂಗ ಸರ್ಪ ವಾಸ್ತವವಾಗಿ ನಾಲ್ಕು ಜಾತಿಗಳೆಂದು ಅವರು ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದರು. ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ ನಮ್ಮ ಹಾವಿಗೆ ‘ಓಫಿಯೊಫೇಗಸ್ ಕಾಳಿಂಗ’ ಎಂದು ಕನ್ನಡದ ಹೆಸರೇ ನಿಂತಿತು. ಹೆಮ್ಮೆ ಪಡಬೇಕಾದ ಸಂಗತಿ, ಸಂದೇಹವಿಲ್ಲ. ಅದರ ಜೊತೆಗೆ ತಿಳಿಯಬೇಕಾದದ್ದು, ಈ ಹಾವು ಕಚ್ಚಿದವನಿಗೆ ವೈದ್ಯರು ಮಾಡಬಹುದಾದದ್ದು ಉಸಿರಾಟದ ಯಂತ್ರಕ್ಕೆ ಜೋಡಿಸಿ ಕಾಯುವುದು, ಬಹುಪಾಲು ಅಷ್ಟೇ. ಆ ಯಂತ್ರ ಇರುವ ಕೋಣೆ ನಮ್ಮಿಂದ ಎಷ್ಟು ದೂರ?

ದೂರದ ಮಾತು ಬಂದಾಗ ತುಮರಿಯವರನ್ನು ಕೇಳಬೇಕು. ಲಿಂಗನಮಕ್ಕಿಯ ಹಿನ್ನೀರು ಆವರಿಸಿದಂದಿನಿಂದ ಆ ಸೀಮೆಯ ಜನ ಸಾಗರಕ್ಕೆ ಬರಲು ಲಾಂಚನ್ನೇ ನಂಬಿದ್ದರು. ಸಂಜೆಯ ಮೇಲೆ ಲಾಂಚು ನಿಂತರೆ ರೋಗಿಗೂ ಬಾಣಂತಿಗೂ ಹಾವು ಕಚ್ಚಿದವನಿಗೂ ದಾರಿ ಮುಗಿದಂತೆಯೇ. 2025ರ ಜುಲೈ 14ರಂದು ಸೇತುವೆ ತೆರೆದ ಮೇಲೆ ಆ ಕಷ್ಟ ನೀಗಿದೆ. ಆದರೂ ತಾಳಗುಪ್ಪದಿಂದ ಸಾಗರ, ಸಾಗರದಿಂದ ಶಿವಮೊಗ್ಗ, ಹೊಸನಗರದ ಒಳಹಳ್ಳಿಗಳಿಂದ ಮೊದಲು ಡಾಂಬರು ರಸ್ತೆ ಎಂಬ ಲೆಕ್ಕ ಹಾಗೆಯೇ ಇದೆ. ಮಳೆಗಾಲದಲ್ಲಿ ಮರ ಬಿದ್ದರೆ, ಮೊಬೈಲಿಗೆ ಸಂಕೇತ ಸಿಗದಿದ್ದರೆ ಆ ಲೆಕ್ಕವೂ ತಪ್ಪುತ್ತದೆ. ಹಾವಿನೊಡನೆ ಆಡುವವನು ಬೆಂಗಳೂರಿನಲ್ಲಿದ್ದಾನೋ ಕೋಗಾರಿನಲ್ಲಿದ್ದಾನೋ ಎಂಬುದರ ಮೇಲೆ ಅವನ ಜೀವ ನಿಂತಿರುತ್ತದೆ.

ಹಾವಾಡಿಸುವವನ ಸಾಹಸಕ್ಕೆ ಬೇರೆಯವರೂ ಬೆಲೆ ತೆರಬೇಕಾಗುತ್ತದೆಂಬುದು ನನ್ನ ಮುಖ್ಯ ತಕರಾರು. ಒಂದು ಸೀಸೆ ಪ್ರತಿವಿಷ ನಿಷ್ಫಲಗೊಳಿಸಬಲ್ಲುದು ಸುಮಾರು 6 ಮಿಲಿಗ್ರಾಂ ನಾಗರವಿಷವನ್ನು. ವಿಷ ಏರಿದ ರೋಗಿಗೆ ಮೊದಲ ಕಂತಿನಲ್ಲೇ 8ರಿಂದ 10 ಸೀಸೆ ಬೇಕು. ಎರಡನೆಯ ಕಂತು ಬೇಕಾಗುವುದೂ ಉಂಟು. ಸಣ್ಣ ಆಸ್ಪತ್ರೆಯ ಕಪಾಟಿನಲ್ಲಿ ಇರುವುದೇ ಕೆಲವು ಸೀಸೆ. ಚಿತ್ರಕ್ಕಾಗಿ ಹೆಡೆಯೆತ್ತಿಸಿದವನಿಗೆ ಅವು ಖರ್ಚಾದ ರಾತ್ರಿಯೇ ಗದ್ದೆಗೆ ನೀರು ಕಟ್ಟಲು ಹೋದವನಿಗೆ ಕೊಳಕುಮಂಡಲ ಕಚ್ಚಬಹುದು. ಯಾರಿಗೂ ಮದ್ದು ನಿರಾಕರಿಸಬೇಕೆಂದು ನಾನು ಹೇಳುತ್ತಿಲ್ಲ, ವೈದ್ಯನ ಮುಂದೆ ಎಲ್ಲ ಜೀವವೂ ಒಂದೇ. ಆದರೆ ಎರಡು ಕಡಿತಗಳ ನಡುವಿನ ಭೇದವನ್ನು ಊರು ಬಾಯಿಬಿಟ್ಟು ಹೇಳಬೇಕು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಸತ್ತವರಲ್ಲಿ ಬಹುತೇಕರು ಹಳ್ಳಿಯವರು. ಸುಮಾರು ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ದುಡಿಮೆಯ ಕಾಲದಲ್ಲಿ, ದುಡಿಯುವ ಕೈಕಾಲಿಗೆ ಆಗುವ ಕಡಿತ ಇದು. ಅದರ ಪಕ್ಕದಲ್ಲಿ ಮನರಂಜನೆಯ ಕಡಿತವನ್ನಿಟ್ಟು ನೋಡಿದಾಗ ನಾಚಿಕೆಯಾಗಬೇಕು.

ಹಾಗೆಂದು ಹಾವು ಹಿಡಿಯುವವರೆಲ್ಲರನ್ನೂ ಒಂದೇ ತಕ್ಕಡಿಗೆ ಹಾಕುವುದು ಕೃತಘ್ನತೆ. ಇಪ್ಪತ್ತು-ಮೂವತ್ತು ವರ್ಷಗಳ ಹಿಂದೆ ಮನೆಯೊಳಗೆ ಕಂಡ ಹಾವಿಗೆ ದೊಣ್ಣೆಯೊಂದೇ ಉತ್ತರವಾಗಿತ್ತು. ಕೊಲ್ಲುವ ಬದಲು ಕರೆಮಾಡುವ ರೂಢಿ ಬಂದಿದ್ದರೆ, ರಾತ್ರಿ ಎರಡು ಗಂಟೆಗೂ ಬೈಕ್ ಹತ್ತಿ ಬರುವ ಈ ಯುವಕರ ಪಾಲು ಅದರಲ್ಲಿ ದೊಡ್ಡದು. ಪೆಟ್ರೋಲಿನ ಕಾಸೂ ಕೊಡದೆ ಕಳಿಸುವ ಮನೆಗಳು ಎಷ್ಟಿಲ್ಲ! ಅವರನ್ನು ಪ್ರದರ್ಶನಕ್ಕೆ ನೂಕುತ್ತಿರುವವರು ನಾವೂ ಹೌದು. ಕೊಕ್ಕೆ ಮತ್ತು ಚೀಲ ಬಳಸಿ ಎರಡು ನಿಮಿಷದಲ್ಲಿ ಸದ್ದಿಲ್ಲದೆ ಕೆಲಸ ಮುಗಿಸಿದವನನ್ನು ಯಾರೂ ನೆನೆಯುವುದಿಲ್ಲ. ಬರಿಗೈಯಲ್ಲಿ ಹಿಡಿದು, ಅಂಗಳದಲ್ಲಿ ಹೆಡೆ ಬಿಡಿಸಿ, ಕುತ್ತಿಗೆಗೆ ಹಾಕಿಕೊಂಡವನಿಗೆ ಚಪ್ಪಾಳೆ, ಸನ್ಮಾನ, ಶಾಲು. ಶಾಲಾ ವಾರ್ಷಿಕೋತ್ಸವಕ್ಕೆ ಜೀವಂತ ಹಾವು ತರಿಸಿ ಮಕ್ಕಳಿಂದ ಮುಟ್ಟಿಸುವ ಪದ್ಧತಿಯನ್ನಂತೂ ಇನ್ನು ನಿಲ್ಲಿಸಬೇಕು. ಹೆದರಿಕೆ ಹೋಗಲಾಡಿಸುವ ಉದ್ದೇಶ ಒಳ್ಳೆಯದೇ. ಆದರೆ ಹತ್ತು ವರ್ಷದ ಬಾಲಕ ಆ ದಿನ ಮನೆಗೆ ಒಯ್ಯುವ ಪಾಠ, ಹಾವನ್ನು ಹಿಡಿಯಬಹುದು ಎಂಬುದು.

ಹಿಡಿದ ಹಾವನ್ನು ‘ದೊಡ್ಡ ಕಾಡಿಗೆ’ ಒಯ್ದು ಬಿಡುವುದೂ ಯೋಚಿಸಬೇಕಾದ ವಿಷಯ. 2005ರಲ್ಲಿ ರೋಮುಲಸ್ ವಿಟೇಕರ್ ಸ್ಥಾಪಿಸಿದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳ ದೇಹದೊಳಗೆ ರೇಡಿಯೊ ಉಪಕರಣ ಅಳವಡಿಸಿ ಹಿಂಬಾಲಿಸಿದರು. ತನ್ನ ನೆಲೆಯಲ್ಲೇ ಉಳಿದ ಗಂಡು ಹಾವಿಗಿಂತ, ದೂರ ಒಯ್ದು ಬಿಟ್ಟ ಗಂಡು ಹಾವು ಬಹುದೂರ ಅಲೆಯಿತು. ಅಪರಿಚಿತ ಜಾಗದಲ್ಲಿ ಅಲೆಯುವ ಹಾವು ಮತ್ತೆ ಯಾರದೋ ಮನೆ, ಯಾರದೋ ಕೊಟ್ಟಿಗೆ ಹೊಗುತ್ತದೆ. ನಮ್ಮ ಹಿರಿಯರು ನಾಗಬನವೆಂದು ಊರಿನ ಅಂಚಿನಲ್ಲೇ ಒಂದು ತುಂಡು ಕಾಡನ್ನು ಬಿಟ್ಟಿದ್ದರ ಹಿಂದೆ ಭಕ್ತಿಯ ಜೊತೆಗೆ ಈ ತಿಳಿವೂ ಇದ್ದಿರಬೇಕು. ಅವನಿಗೆ ಅವನ ಜಾಗ, ನಮಗೆ ನಮ್ಮದು. ನಾಗನನ್ನು ಅಷ್ಟು ಪೂಜಿಸುವ ಮನೆಗಳಲ್ಲೂ ಅವನನ್ನು ತಂದು ಒಳಗೆ ಕಟ್ಟಿಹಾಕಿದವರಿಲ್ಲ.

ಕಾನೂನು ಏನೆನ್ನುತ್ತದೆಂಬುದು ಯುವಕರಿಗೆ ತಿಳಿದಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ವ್ಯಾಖ್ಯೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಅದರೊಳಗಿದೆ. ನಾಗರ, ಕಾಳಿಂಗ, ಕೊಳಕುಮಂಡಲ, ಹೆಬ್ಬಾವು, ಕೇರೆ, ನಕ್ಷತ್ರ ಆಮೆ, ಉಡ ಇವೆಲ್ಲ ಆ ಕಾಯಿದೆಯ ರಕ್ಷಣೆಯಲ್ಲಿವೆ. ಅನುಮತಿಯಿಲ್ಲದೆ ಡಬ್ಬಿಯಲ್ಲಿಟ್ಟುಕೊಳ್ಳುವುದು ಅಪರಾಧ. ವಿದೇಶಿ ಉರಗಗಳ ಮಟ್ಟಿಗೆ ಬಹುಕಾಲ ಕಾನೂನು ಸಡಿಲವಾಗಿತ್ತು. 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ನಂತರ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಸಾಕಿಕೊಂಡವರು ನೋಂದಾಯಿಸಬೇಕಾಗಿದೆ. ನಗರಕ್ಕೆ ಓದಲು ಹೋದ ನಮ್ಮ ಮಕ್ಕಳು ಬಾಲ್ ಹೆಬ್ಬಾವು, ಇಗ್ವಾನ, ಕೆಂಪುಕಿವಿಯ ಆಮೆಗಳನ್ನು ಗೆಳೆಯರ ಕೋಣೆಗಳಲ್ಲಿ ಕಾಣುತ್ತಾರೆ. ಇವು ವಿಷಜಂತುಗಳಲ್ಲ. ಹೆಬ್ಬಾವು ಕಚ್ಚಿದರೆ ಹಿಂದಕ್ಕೆ ಬಾಗಿದ ಹಲ್ಲುಗಳು ಮಾಂಸ ಹರಿಯುತ್ತವೆ, ಗಾಯ ಕೀವಾಗಬಹುದು, ಧನುರ್ವಾಯುವಿನ ಚುಚ್ಚುಮದ್ದು ಬೇಕು. ಆಮೆಯ ಮೈಮೇಲಿನ ಸಾಲ್ಮೊನೆಲ್ಲಾ ರೋಗಾಣು ಚಿಕ್ಕಮಕ್ಕಳಿಗೆ ಹತ್ತುತ್ತದೆಂದೇ ಅಮೆರಿಕವು ಸಣ್ಣ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿತು. ಬೇಸರ ಬಂದಾಗ ಇವನ್ನೆಲ್ಲ ಕೆರೆಗೋ ಕಾಡಿಗೋ ಬಿಡುವುದು ಮತ್ತೊಂದು ಕೇಡು. ಫ್ಲೋರಿಡಾದಲ್ಲಿ ಸಾಕಿದವರ ಕೈಯಿಂದ ಕಾಡು ಸೇರಿದ ಬರ್ಮಾ ಹೆಬ್ಬಾವುಗಳು ಅಲ್ಲಿನ ಜೌಗು ಕಾಡಿನ ಸಣ್ಣಪ್ರಾಣಿಗಳನ್ನು ಹೇಗೆ ಬರಿದುಮಾಡಿದವೆಂಬುದು ಜಗತ್ತಿಗೇ ತಿಳಿದಿದೆ.

ಪಕ್ಕದ ಕೇರಳದಲ್ಲಿ 2020ರ ನಂತರ ಹಾವು ಹಿಡಿಯಲು ಅರಣ್ಯ ಇಲಾಖೆಯ ತರಬೇತಿ ಮತ್ತು ಪ್ರಮಾಣಪತ್ರ ಕಡ್ಡಾಯವಾಯಿತು. ಮೊಬೈಲಿನಲ್ಲಿ ‘ಸರ್ಪ’ ಎಂಬ ಆ್ಯಪ್ ಮೂಲಕ ಸಮೀಪದ ಅಧಿಕೃತ ಹಿಡಿಯುವವರನ್ನು ಕರೆಯಬಹುದು. ಆ ವರ್ಷವೇ ಅಲ್ಲಿ ಹಾವಾಡಿಸುವವನೊಬ್ಬನಿಂದ ನಾಗರಹಾವನ್ನು ಕೊಂಡುತಂದು ಹೆಂಡತಿಯನ್ನು ಕೊಂದ ಪ್ರಕರಣವೂ ನಡೆದಿತ್ತು. ಡಬ್ಬಿಯಲ್ಲಿ ಹಾವಿಟ್ಟುಕೊಂಡವರಿರುವ ಊರಿನಲ್ಲಿ ಹಾವು ಮಾರಾಟದ ವಸ್ತುವೂ ಆಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲೂ ವಲಯ ಅರಣ್ಯ ಕಚೇರಿಗಳು ಇಂಥ ತರಬೇತಿ ನಡೆಸಲಿ. ತರಬೇತಾದವರಿಗೆ ಗುರುತಿನ ಚೀಟಿ, ಕೊಕ್ಕೆ, ಚೀಲ, ಬೂಟು, ವಿಮೆ ಕೊಡಲಿ. ಹಿಡಿದ ಹಾವನ್ನು ಅಂದೇ ಸಮೀಪದಲ್ಲೇ ಬಿಟ್ಟ ಬಗ್ಗೆ ದಾಖಲೆಯಿರಲಿ. ಇವಿಷ್ಟನ್ನು ಕೊಟ್ಟಮೇಲೆ, ಪ್ರದರ್ಶನ ಮಾಡಿದವರ ಚೀಟಿ ರದ್ದುಮಾಡುವ ನೈತಿಕ ಅಧಿಕಾರ ಇಲಾಖೆಗೆ ಬರುತ್ತದೆ. ಮೊದಲು ಮೊಕದ್ದಮೆ, ಆಮೇಲೆ ತರಬೇತಿ ಎಂಬ ಕ್ರಮ ನಮಗೆ ಒಪ್ಪಿಗೆಯಿಲ್ಲ.

ಕಚ್ಚಿಯೇ ಬಿಟ್ಟರೆ, ಅದು ತೋಟದ ಹಾವೇ ಆಗಲಿ ಡಬ್ಬಿಯದೇ ಆಗಲಿ, ಮಾಡಬೇಕಾದದ್ದು ಒಂದೇ. ಉಂಗುರ, ಗೆಜ್ಜೆ, ಬಳೆ ತೆಗೆದು, ಕಚ್ಚಿದ ಕೈ ಅಥವಾ ಕಾಲನ್ನು ದಬ್ಬೆಯಾಧಾರ ಕೊಟ್ಟು ಅಲುಗದಂತೆ ಇಟ್ಟು, ನಡೆಸದೆ, 108ಕ್ಕೆ ಕರೆಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಸಾಗಿಸುವುದು. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಚೀಪುವುದು ಬೇಡ. ಹಾವನ್ನು ಹಿಡಿದೋ ಕೊಂದೋ ವೈದ್ಯರಿಗೆ ಒಯ್ಯುವುದೂ ಬೇಡ. ದೂರದಿಂದ ಚಿತ್ರ ಸಿಕ್ಕರೆ ಸಾಕು. ಹಳ್ಳಿಮದ್ದಿನಿಂದ ಗುಣವಾಯಿತೆನ್ನುವ ಪ್ರಕರಣಗಳ ಹಿಂದೆ ವಿಷವಿಲ್ಲದ ಹಾವೋ, ವಿಷ ಬಿಡದೆ ಕಚ್ಚಿದ ಕಡಿತವೋ ಇರುತ್ತದೆ. ಕೊಳಕುಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಶುಭ್ರವಾದ ಒಣ ಗಾಜಿನ ನಳಿಗೆಯಲ್ಲಿ ರೋಗಿಯ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು, ಅದು ಹೆಪ್ಪುಗಟ್ಟಿತೇ ಎಂದು ನೋಡಿದರಾಯಿತು. ಅತಿ ಸಣ್ಣ ಆರೋಗ್ಯ ಕೇಂದ್ರದಲ್ಲೂ ಇದು ಸಾಧ್ಯ.

ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅಂದರೆ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಪ್ರತಿಯೊಂದು ಪ್ರಕರಣದ ಲೆಕ್ಕ ಕೊಡಬೇಕು. ಈ ಲೆಕ್ಕ ಊರಿಗೂ ತಿಳಿಯಬೇಕಲ್ಲವೇ? ಮುಂಗಾರಿಗೆ ಮುನ್ನ ನಡೆಯುವ ಗ್ರಾಮಸಭೆಯಲ್ಲಿ ನಮ್ಮ ಕಾಲೇಜು ವಿದ್ಯಾರ್ಥಿಗಳು ಎದ್ದುನಿಂತು ಆರೋಗ್ಯ ಇಲಾಖೆಯವರನ್ನು ಕೇಳಲಿ: ನಮ್ಮ ಸಮೀಪದ ಆಸ್ಪತ್ರೆಯಲ್ಲಿ ಇವತ್ತು ಎಷ್ಟು ಸೀಸೆ ಪ್ರತಿವಿಷವಿದೆ, ಅದರ ಅವಧಿ ಎಂದು ಮುಗಿಯುತ್ತದೆ, ರಾತ್ರಿ ಅದನ್ನು ಕೊಡುವ ವೈದ್ಯರು ಇರುತ್ತಾರೆಯೇ, ಕಳೆದ ವರ್ಷ ಬಂದ ಕಡಿತಗಳಲ್ಲಿ ದುಡಿಯುವಾಗ ಆದವೆಷ್ಟು, ಹಿಡಿಯಲು ಹೋಗಿ ಆದವೆಷ್ಟು.